ಯಾವ ಗುಹೆಯ ಮೀನು

ಜನವರಿ ೯
ಅಪ್ಪನ ವಾಯ್ಸ್ ನೋಟ್

ಪುಟ್ಟಿ, ನಾನು, ನಿನ್ನಪ್ಪ. ಬೇರೆ ಯಾರು ನಿನಗೆ ಇಷ್ಟುದ್ದ ಮಾತು ಕಳಿಸ್ತಾರೆ ಹೇಳು.

ನಿನ್ನ ಕಾಗದ ಬಂತು. ಕಾಗದ ಅಂದ್ರೆ ಈ ಇಮೇಲು. ನೀನು ಬರೀತೀಯ, ನನ್ನ ಫೋನು ಓದಿ ಹೇಳುತ್ತೆ. ಆ ಫೋನಿನೊಳಗಿರೋ ಹೆಂಗಸಿಗೆ ಸಂತೋಷ ದುಃಖ ಎಲ್ಲಾ ಒಂದೇ. "ಅಪ್ಪ ನಾನು ಮದುವೆಯಾಗಬೇಕೆಂದಿದ್ದೇನೆ" ಅನ್ನೋದನ್ನ, ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ ಅಂತ ಬ್ಯಾಂಕಿನವರು ಹೇಳೋ ಹಾಗೆ ಓದಿದಳು. ನಾನು ಡ್ಯೂಟೀಲಿ ಟೆಲಿಫೋನ್ ಸ್ವಿಚ್‌ಬೋರ್ಡ್ ಮುಂದೆ ಕೂತಿದ್ದೆ. ಬೆಳಗಿನ ಹೊತ್ತು ಆಸ್ಪತ್ರೆಗೆ ಎಷ್ಟು ಫೋನ್ ಬರುತ್ತೆ ಅಂತ ನಿನಗೇ ಗೊತ್ತು. ಚಿಕ್ಕವಳಿದ್ದಾಗ ರಜಾ ಬಂದ್ರೆ ನನ್ನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರ್ತಿದ್ದವಳು ನೀನು. ಇವತ್ತು ಹೆರಿಗೆ ವಾರ್ಡು ಕೇಳಿದವನನ್ನ ಮೂಳೆ ವಿಭಾಗಕ್ಕೆ ಕೊಟ್ಟೆ. ಅವನು ತಿರುಗಿ ಮಾಡಿ, "ಸ್ವಾಮೀ, ನನ್ನ ಹೆಂಡ್ತಿಗೆ ಮಂಡಿನೋವಲ್ಲ" ಅಂದ.

ಹುಡುಗ ವಕೀಲ. ಒಳ್ಳೆಯವನೇ ಇರಬೇಕು. ನೀನು ಒಪ್ಪಿದೀಯ ಅಂದ್ಮೇಲೆ ಅದನ್ನ ನಾನು ಪರೀಕ್ಷೆ ಮಾಡೋಕೆ ಹೋಗಲ್ಲ. ಆದರೆ ಕಾಗದದ ಕೊನೇಲಿ ಆ ಹೆಂಗಸು ಅದೇ ರಾಗದಲ್ಲಿ ಇನ್ನೊಂದು ಓದಿದಳು. ಅವನಿಗೂ ಕಣ್ಣು ಕಾಣಲ್ಲ. ಅದೂ ನನ್ನ ಕಾಯಿಲೇನೇ. ಕಣ್ಣಿನ ಹಿಂದಿನ ಪರದೆ ಸ್ವಲ್ಪ ಸ್ವಲ್ಪವೇ ಒಣಗಿಹೋಗೋದು. ಮೊದಲು ಕತ್ತಲಲ್ಲಿ ಕಾಣಲ್ಲ, ಆಮೇಲೆ ಅಕ್ಕಪಕ್ಕ ಕಾಣಲ್ಲ, ಕೊನೆಗೆ ಎದುರಿಗಿರೋದೂ ಇಲ್ಲ. ನನಗೆ ಮೂವತ್ತು ದಾಟೋಷ್ಟರಲ್ಲಿ ಎಲ್ಲಾ ಮುಗೀತು. ಅವನಿಗಿನ್ನೂ ಬೀಗದ ಕಿಂಡಿಯಷ್ಟು ಉಳಿದಿದೆ ಅಂತ ಬರೆದಿದೀಯ.

ಮನೇಲೊಬ್ಬ ಸಾಲದು ಅಂತ ಕೆಲಸಕ್ಕೂ ಕಣ್ಣಿಲ್ಲದ ಮೀನುಗಳನ್ನೇ ಹುಡುಕ್ಕೊಂಡೆ. ಈಗ ಮದುವೆಗೂ ಅಂಥವನೇ ಬೇಕಾಯ್ತಾ?

ನಾನು ಬೇಡ ಅಂತೀನಿ. ಕುರುಡನಾಗಿ ನೀನೇ ಹೀಗಂದ್ರೆ ಹೇಗಪ್ಪ ಅಂತ ಕೇಳ್ತೀಯ. ಕುರುಡನಾಗಿದ್ದಕ್ಕೇ ಅಂತಿರೋದು. ಹೋಟೆಲಿನ ಅಡುಗೆಯವನೇ ಬಂದು ಇಲ್ಲಿ ಊಟ ಮಾಡಬೇಡಿ ಅಂದ್ರೆ ಕೇಳ್ತೀಯೋ ಇಲ್ವೋ? ಹಾಗೆ ಅಂದ್ಕೋ. ನಾಳೆ ಮಕ್ಕಳಾಗ್ತಾವೆ. ನಿನ್ನಲ್ಲಿ ನನ್ನದು ಅರ್ಧ ಇದೆ, ಅವನದ್ದು ಪೂರ್ತಿ. ಅದನ್ನೂ ಯೋಚನೆ ಮಾಡು.

ಅಮ್ಮನಿಗೆ ಹೇಳಿದೀನಿ. ಮೆಷಿನ್ ತುಳಿಯೋದು ನಿಲ್ಲಿಸಿ "ಹುಡುಗ ಹೇಗೆ?" ಅಂದಳು. "ಕಣ್ಣಿಲ್ಲ" ಅಂದೆ. "ನಾನು ಕೇಳಿದ್ದು ಅದಲ್ಲ" ಅಂತ ಮತ್ತೆ ತುಳಿಯೋಕೆ ಶುರು ಮಾಡಿದಳು. ಕೇಳಿಸ್ತಿದೆಯಲ್ಲ, ಈಗಲೂ ಮುಂದಿನ ಕೋಣೇಲಿ ಹೊಲೀತಿದಾಳೆ.

ಸರಿ, ಇಡ್ತೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡು.
ನಿನ್ನ ಅಪ್ಪ


ಜನವರಿ ೨೪
ಮಗಳ ಪತ್ರ

ಅಪ್ಪ,

ನಿನ್ನ ಮಾತನ್ನು ಪ್ರಯೋಗಾಲಯದ ಮೀನುಕೋಣೆಯಲ್ಲಿ ಕೂತು ಕೇಳಿದೆ. ಇಲ್ಲಿ ಸಾಲುಸಾಲು ಗಾಜಿನ ತೊಟ್ಟಿಗಳು, ಸದಾ ಗುಂಯ್‌ಗುಡುವ ಪಂಪು. ಅಡುಗೆಯವನ ಮಾತಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ವಾದ ಮಾಡುವುದಿಲ್ಲ. ಅದಕ್ಕೆ ಬೇರೆಯವನಿದ್ದಾನೆ. ನಾನು ಮೀನಿನ ವಿಷಯ ಮಾತ್ರ ಹೇಳುತ್ತೇನೆ.

ಇವೆಲ್ಲ ಒಂದೇ ಜಾತಿಯ ಮೀನು. ನದಿಯಲ್ಲಿರುವವಕ್ಕೆ ಕಣ್ಣಿದೆ, ಮೈಯಲ್ಲಿ ಬಣ್ಣವಿದೆ. ಯಾವುದೋ ಕಾಲದಲ್ಲಿ ಇವುಗಳಲ್ಲಿ ಕೆಲವು ನೆಲದಡಿಯ ಗುಹೆಗಳ ನೀರಿಗೆ ಸೇರಿಕೊಂಡವು. ಅಲ್ಲಿ ಬೆಳಕಿಲ್ಲ, ತಿನ್ನಲೂ ಹೆಚ್ಚೇನಿಲ್ಲ. ಕಣ್ಣು ದುಬಾರಿ ಅಂಗ. ನೋಡಲು ಏನೂ ಇಲ್ಲದಿದ್ದರೂ ಅದಕ್ಕೆ ಆಹಾರ ಹೋಗುತ್ತಲೇ ಇರಬೇಕು. ತಲೆಮಾರುಗಳು ಕಳೆದ ಹಾಗೆ ಕಣ್ಣಿಲ್ಲದವು ಉಳಿದುಕೊಂಡವು. ಅವುಗಳಿಗೆ ನಿದ್ದೆ ಕಡಿಮೆ. ಸಿಕ್ಕಾಗ ತಿಂದು ಕೊಬ್ಬು ಕೂಡಿಟ್ಟುಕೊಳ್ಳುತ್ತವೆ. ನೀರು ಒಂದಿಷ್ಟು ಅಲುಗಿದರೂ ಚರ್ಮದಲ್ಲೇ ತಿಳಿಯುತ್ತದೆ.

ಈಗ ಮುಖ್ಯ ವಿಷಯ. ಬೇರೆ ಬೇರೆ ಗುಹೆಗಳಲ್ಲಿ ಕಣ್ಣು ಹೋಗಿದ್ದು ಬೇರೆ ಬೇರೆ ದಾರಿಯಲ್ಲಿ. ನೋಡಿದರೆ ಎಲ್ಲವೂ ಒಂದೇ ಥರ, ಬಿಳಿಚಿದ ಮೈ, ಕಣ್ಣಿರಬೇಕಾದ ಕಡೆ ಬರೀ ಚರ್ಮ. ಆದರೆ ಒಂದು ಗುಹೆಯ ಮೀನಿನಲ್ಲಿ ಕೆಟ್ಟಿರುವ ಜೀನು ಇನ್ನೊಂದು ಗುಹೆಯದರಲ್ಲಿ ಸರಿಯಿರಬಹುದು. ಎರಡು ಗುಹೆಗಳ ಮೀನನ್ನು ಜೋಡಿ ಮಾಡಿದರೆ ತಾಯಿಯಲ್ಲಿ ಕೆಟ್ಟದ್ದಕ್ಕೆ ತಂದೆಯಿಂದ ಒಳ್ಳೆಯ ಪ್ರತಿ ಸಿಗುತ್ತದೆ, ತಂದೆಯಲ್ಲಿ ಕೆಟ್ಟದ್ದಕ್ಕೆ ತಾಯಿಯಿಂದ. ಆಗ ಕುರುಡು ಜೋಡಿಯ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಾಣುತ್ತದೆ. ಒಂದೇ ಗುಹೆಯ ಜೋಡಿಯಾದರೆ ಕಾಣುವುದಿಲ್ಲ.

ನಿಮ್ಮಿಬ್ಬರ ಕಾಯಿಲೆಗೂ ಹೆಸರು ಒಂದೇ. ಆದರೆ ಆ ಹೆಸರಿನ ಕೆಳಗೆ ಹತ್ತಾರು ಜೀನುಗಳಿವೆ, ಯಾವುದು ಕೆಟ್ಟರೂ ಕಣ್ಣು ಹೋಗುತ್ತದೆ. ಅವನದು ಯಾವುದೆಂದು ಗೊತ್ತಾಗಿದೆ. ನಿನ್ನದು ಗೊತ್ತಿಲ್ಲ, ಯಾರೂ ನೋಡಿಲ್ಲ. ಬೇರೆ ಜೀನಾದರೆ ನಮ್ಮ ಮಕ್ಕಳಿಗೆ ಭಯವಿಲ್ಲ. ಒಂದೇ ಆದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ನನ್ನ ರಕ್ತವನ್ನೇ ನೋಡಿದರೆ ಸಾಲದೇ ಎಂದು ನೀನು ಕೇಳಬಹುದು. ನೋಡಿಸಿದ್ದೇನೆ. ಅವನಲ್ಲಿ ಕೆಟ್ಟಿರುವ ಜೀನಿನಲ್ಲೇ ನನಗೂ ಒಂದು ಸಣ್ಣ ಬದಲಾವಣೆ ಇದೆ. ಅದು ನಿಜವಾಗಿ ಕೆಡುಕೋ ಅಥವಾ ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಇರುವಂಥದ್ದೋ, ಇಲ್ಲಿನವರಿಗೆ ಹೇಳಲಾಗುತ್ತಿಲ್ಲ. ಕಾಯಿಲೆ ಇರುವ ನಿನ್ನಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ. ನಿನ್ನ ಆಸ್ಪತ್ರೆಯಲ್ಲೇ ಈ ಪರೀಕ್ಷೆ ಮಾಡುತ್ತಾರೆ. ಒಂದು ಸಣ್ಣ ಬಾಟಲಿ ರಕ್ತ ಸಾಕು.

ಕೊಡುತ್ತೀಯಾ?

ನಿನ್ನ ಪುಟ್ಟಿ


ಫೆಬ್ರವರಿ ೧೧
ಅಪ್ಪನ ವಾಯ್ಸ್ ನೋಟ್

ಪುಟ್ಟಿ, ತಡ ಆಯ್ತು. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದು, ಆದರೆ ನಿನ್ನಮ್ಮ ನಿನಗೆ ಫೋನ್ ಮಾಡಿದಾಗ ನಿಜ ಹೇಳ್ತಾಳೆ. ಯೋಚನೆ ಮಾಡ್ತಿದ್ದೆ.

ಮೀನಿನ ಕಥೆ ಚೆನ್ನಾಗಿದೆ. ನಿದ್ದೆ ಕಮ್ಮಿ, ಸಿಕ್ಕಾಗ ತಿನ್ನೋದು, ಹೊಟ್ಟೆ ಬೆಳೆಸೋದು. ಅಷ್ಟರಮಟ್ಟಿಗೆ ನಾನೂ ಆ ಜಾತಿಯವನೇ. ಆದರೆ ಇನ್ನೊಂದು ಹೇಳಿದೆಯಲ್ಲ, ಚರ್ಮದಲ್ಲೇ ತಿಳಿಯುತ್ತೆ ಅಂತ, ಅದು ನನಗಿಲ್ಲ. ಆಸ್ಪತ್ರೇಲಿ ಬಂದವರೆಲ್ಲ ನಿಮ್ಮ ಕಿವಿ ಬಹಳ ಚುರುಕು ಅಂತಾರೆ. ಏನೂ ಚುರುಕಿಲ್ಲ. ಎದುರಿನವರು ಮಾತಾಡುವಾಗ ಕಣ್ಣಿರೋರು ಫೋನ್ ನೋಡ್ತಿರ್ತಾರೆ, ನಾನು ಕೇಳಿಸ್ಕೊಳ್ತಿರ್ತೀನಿ. ವ್ಯತ್ಯಾಸ ಅಷ್ಟೇ. ನಿನ್ನ ಮೀನುಗಳಿಗೆ ಕತ್ತಲಿಗೆ ಹೊಂದ್ಕೊಳ್ಳೋಕೆ ಸಾವಿರಾರು ತಲೆಮಾರು ಸಿಕ್ತು. ನನಗೆ ಸಿಕ್ಕಿದ್ದು ನಿನ್ನಮ್ಮ.

ರಕ್ತದ ವಿಷಯ. ಸೂಜಿ ಕಂಡ್ರೆ ಭಯ ಅಂತ ಹೇಳೋ ಹಾಗೂ ಇಲ್ಲ, ಅದು ನನಗೆ ಕಾಣಲ್ಲ. ಲ್ಯಾಬ್ ಇರೋದು ನನ್ನ ಕೋಣೆಯಿಂದ ಎರಡು ಮಹಡಿ ಕೆಳಗೆ. ದಿನಾ ಅದರ ಮುಂದೆ ಹಾದುಹೋಗ್ತೀನಿ. ಆದರೂ ಕೊಡಲ್ಲ. ಯಾಕೆ ಅಂದ್ರೆ, ನೇರವಾಗೇ ಹೇಳ್ತೀನಿ, ಬೇರೆ ಜೀನು ಅಂತ ಬಂದ್ರೆ ನನ್ನ ಬಾಯಿ ಕಟ್ಟಿದ ಹಾಗಾಗುತ್ತೆ. ಅದೇ ಜೀನು ಅಂತ ಬಂದ್ರೆ ನಿನ್ನ ಮದುವೆಗೆ ಕಲ್ಲು ಹಾಕಿದವನು ನಾನಾಗ್ತೀನಿ. ಎರಡೂ ಬೇಡ ನನಗೆ.

ಮತ್ತೆ ಮಕ್ಕಳ ವಿಷಯ ಒಂದೇ ಅಲ್ಲ ಪುಟ್ಟಿ. ನಿನ್ನಮ್ಮ ಮಾರ್ಕೆಟ್ಟಿಗೆ ಹೋಗಿದಾಳೆ, ಅದಕ್ಕೇ ಈಗ ಹೇಳ್ತಿದೀನಿ. ಅವಳ ಎದುರಿಗೆ ಇದನ್ನ ಹೇಳೋಕಾಗಲ್ಲ. ಮದುವೆಯಾದ ಹೊಸದರಲ್ಲಿ ಅವಳು ಏನೆಲ್ಲಾ ಅಂದ್ಕೊಂಡಿದ್ದಳು ಗೊತ್ತಾ? ಪೇಟೇಲಿ ಅಂಗಡಿ ಹಾಕಬೇಕು, ನಾಲ್ಕು ಹುಡುಗಿಯರಿಗೆ ಕೆಲಸ ಕಲಿಸಬೇಕು ಅಂತಿದ್ದಳು. ನನ್ನ ಕಣ್ಣು ಹೋಯ್ತು, ಅವಳು ಮುಂದಿನ ಕೋಣೇಲಿ ಒಂದು ಮೆಷಿನ್ ಹಾಕ್ಕೊಂಡು ಕೂತುಬಿಟ್ಟಳು. ಬಸ್ಸಿಗೆ ಹೋದ್ರೆ, ಬ್ಯಾಂಕಿಗೆ ಹೋದ್ರೆ, ಯಾರದಾದರೂ ಮನೆಗೆ ಹೋದ್ರೆ, ಅವಳ ಮೊಣಕೈ ಮೇಲೆ ನನ್ನ ಕೈ. ಅವಳ ಬದುಕು ಸವೆದುಹೋಯ್ತು. ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ಕುರುಡನ ಹೆಂಡ್ತಿ ಆಗೋದು ಅಂದ್ರೆ ಇನ್ನೊಬ್ಬರ ಊರುಗೋಲಾಗೋದು. ನನ್ನ ಮಗಳು ಊರುಗೋಲಾಗೋದು ನನಗೆ ಬೇ...

ಯಾರು? ಯಾರದು ಕುರ್ಚಿ ಎಳೆದಿದ್ದು? ಲೇ, ಬಂದ್ಯಾ? ಯಾವಾಗ ಬಂದೆ ನೀನು?

"ನಾನು ಹೋಗೇ ಇಲ್ಲ."

ಅಲ್ಲ ಕಣೇ, ಮೆಷಿನ್ ಸದ್ದೇ ಇರಲಿಲ್ಲ...

"ಗುಂಡಿ ಹಾಕ್ತಿದ್ದೆ. ಕೈಯಲ್ಲಿ."


ಫೆಬ್ರವರಿ ೧೨
ಮಗಳ ಪತ್ರ

ಅಪ್ಪ, ಕೊನೆಯಲ್ಲಿ ಅಮ್ಮನ ದನಿ ಕೇಳಿಸಿತು. ಪೂರ್ತಿ ಕೇಳಿಸಿಕೊಂಡಳಾ? ಫೋನ್ ಮಾಡಿದೆ, ಇಬ್ಬರೂ ಎತ್ತುತ್ತಿಲ್ಲ.

ಪುಟ್ಟಿ


ಮಾರ್ಚ್ ೬
ಅಪ್ಪನ ವಾಯ್ಸ್ ನೋಟ್

ಪೂರ್ತಿ ಕೇಳಿಸ್ಕೊಂಡಿದಾಳೆ. ಅಡುಗೆಮನೆ ಬಾಗಿಲ ಹತ್ತಿರ ಕೂತು ಯಾರದೋ ಕೋಟಿಗೆ ಗುಂಡಿ ಹೊಲೀತಿದ್ದಳಂತೆ. ಮಾರ್ಕೆಟ್ಟಿಗೆ ಹೋಗ್ತೀನಿ ಅಂದಿದ್ದು ನಿಜ, ಚೀಲ ತಗೊಂಡಿದ್ದೂ ನಿಜ. ಆಮೇಲೆ ಗಿರಾಕಿ ಸಂಜೆ ಬರ್ತಾರೆ ಅಂತ ನೆನಪಾಗಿ ಕೂತ್ಕೊಂಡಿದಾಳೆ. ಚೀಲದ ಸದ್ದಿಗೆ ನಾನು ಮೋಸ ಹೋದೆ.

ಅವತ್ತಿಂದ ಮಾತಿಲ್ಲ. ನೋಡು, ಕಣ್ಣಿರೋರ ಮನೇಲಿ ಹೆಂಡ್ತಿ ಮಾತು ಬಿಟ್ರೆ ಮುಖ ಊದಿಸ್ಕೊಂಡು ಓಡಾಡೋದಾದ್ರೂ ಕಾಣುತ್ತೆ. ನನಗೆ ಅವಳು ಮನೇಲಿ ಇದಾಳೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಚಪ್ಪಲಿ ಹಾಕ್ಕೊಳ್ಳೋದು ಬಿಟ್ಟಿದಾಳೆ. ಹೊಲಿಗೆ ಮೆಷಿನ್ನನ್ನೇ ಪಕ್ಕದ ಮನೆ ಟೀಚರಮ್ಮನ ಜಗಲಿಗೆ ತಗೊಂಡು ಹೋಗಿದಾಳೆ. ಟೀ ಅದರ ಜಾಗದಲ್ಲಿ ಬಂದು ಕೂತಿರುತ್ತೆ, ಬಿಸಿ ಇದೆ ಅಂತ ಹೇಳೋರಿಲ್ಲ. ನಾಲಿಗೆ ಸುಟ್ಕೊಂಡೆ. ನಾಲಿಗೆಗೆ ಆಗಬೇಕಾದ್ದೇ ಅಂತ ನೀನು ಅಂದ್ರೆ ನಾನು ಜಗಳ ಆಡಲ್ಲ.

ಮೊನ್ನೆ ಧೈರ್ಯ ಮಾಡಿ ಅವಳ ಕುರ್ಚಿ ಎದುರಿಗೆ ಕೂತೆ. ತಪ್ಪಾಯ್ತು ಕಣೇ, ನಿನ್ನನ್ನ ಬೈದಿದ್ದಲ್ಲ, ಕನಿಕರದಿಂದ ಹೇಳಿದ್ದು ಅಂತ ಶುರು ಮಾಡಿದೆ. ನನ್ನ ವಿಷಯ ಗೊತ್ತಲ್ಲ, ಶುರು ಮಾಡಿದ್ರೆ ನಿಲ್ಲಲ್ಲ. ನಮ್ಮ ಮದುವೆಯಿಂದ ಹಿಡಿದು ನೀನು ಹುಟ್ಟಿದಾಗಿನ ಬಾಣಂತನದವರೆಗೂ ಬಂದೆ. ಆಗ ಕಿಟಕಿಯಿಂದ ಟೀಚರಮ್ಮ, "ಸಾರ್, ಅವರು ನಮ್ಮನೇಲಿದಾರೆ, ಕರೀಲಾ?" ಅಂದರು. ಖಾಲಿ ಕುರ್ಚಿಗೆ ಕ್ಷಮೆ ಕೇಳಿದ ಮೊದಲನೇ ಗಂಡಸು ನಾನೇ ಇರಬೇಕು.

ನೀನೊಂದು ಮಾತು ಅವಳ ಹತ್ತಿರ ಆಡು ಪುಟ್ಟಿ. ನಿನ್ನ ಮದುವೆ ವಿಷಯ ಆಮೇಲೆ ನೋಡೋಣ. ಇಲ್ಲಿ ನನ್ನದೇ ಮುಳುಗ್ತಾ ಇದೆ.

ನಿನ್ನ ಅಪ್ಪ


ಮಾರ್ಚ್ ೨೮
ಮಗಳ ಪತ್ರ

ಅಪ್ಪ,

ಅಮ್ಮನ ಜೊತೆ ಮಾತಾಡಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ. "ಊರುಗೋಲು ಅಂದ್ರು, ಅನ್ನಲಿ. ಆದರೆ ನನ್ನ ಬದುಕು ಸವೆದುಹೋಯ್ತು ಅಂತ ಇವರೇ ತೀರ್ಮಾನ ಮಾಡಿದ್ರು. ಒಂದೇ ಮನೇಲಿ ಇದೀವಿ. ಒಂದು ದಿನ ಆದ್ರೂ ಕೇಳಿದ್ರಾ? ಇಷ್ಟೊಂದು ಮಾತಾಡೋ ಮನುಷ್ಯ." ಅಷ್ಟು ಹೇಳಿ ಹಾಲು ಉಕ್ಕುತ್ತದೆ ಎಂದು ಫೋನ್ ಇಟ್ಟಳು.

ಇಲ್ಲಿ ಮೊಟ್ಟೆಗಳು ಒಡೆದಿವೆ. ಒಂದು ವಿಷಯ ನಿನಗೆ ಹಿಂದೆ ಹೇಳಿರಲಿಲ್ಲ. ಗುಹೆಯ ಮೀನಿನ ಮೊಟ್ಟೆಯೊಳಗೂ ಮೊದಲ ದಿನ ಕಣ್ಣು ಮೂಡುತ್ತದೆ. ಎಲ್ಲ ಮೀನಿಗೂ ಮೂಡುವ ಹಾಗೆಯೇ. ಆಮೇಲೆ ಅದರ ಮಸೂರದ ಕಣಗಳು ಒಂದೊಂದಾಗಿ ಸಾಯುತ್ತವೆ, ಗುಡ್ಡೆ ಒಳಕ್ಕೆ ಕುಸಿಯುತ್ತದೆ, ಮೇಲೆ ಚರ್ಮ ಬೆಳೆದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸ. ಮೊದಮೊದಲು ಬೇಸರವಾಗುತ್ತಿತ್ತು. ಈಗ ಅಭ್ಯಾಸವಾಗಿದೆ.

ಎರಡು ಗುಹೆಗಳ ಜೋಡಿಯ ಮರಿಗಳನ್ನು ನಿನ್ನೆ ಪರೀಕ್ಷೆ ಮಾಡಿದೆವು. ತೊಟ್ಟಿಯ ಸುತ್ತ ಕಪ್ಪುಬಿಳಿ ಪಟ್ಟೆಗಳ ಡಬ್ಬ ತಿರುಗಿಸುತ್ತೇವೆ. ಕಣ್ಣು ಕಾಣುವ ಮರಿ ಪಟ್ಟೆಯ ಹಿಂದೆ ಈಜುತ್ತದೆ, ಕಾಣದ್ದು ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಹೆಚ್ಚಿನವು ತಮ್ಮ ಪಾಡಿಗೆ ಇದ್ದವು. ಕೆಲವು ಪಟ್ಟೆಯ ಹಿಂದೆ ಹೋದವು. ಡಬ್ಬವನ್ನು ಹಿಂದಕ್ಕೆ ತಿರುಗಿಸಿದೆ, ಅವೂ ಹಿಂದಕ್ಕೆ ತಿರುಗಿದವು. ಅಪ್ಪ, ಅವುಗಳ ತಂದೆತಾಯಿಯರ ವಂಶದಲ್ಲಿ ಲೆಕ್ಕವಿಲ್ಲದಷ್ಟು ಕಾಲದಿಂದ ಯಾರೂ ಏನನ್ನೂ ನೋಡಿರಲಿಲ್ಲ. ಮೈಬಣ್ಣ ಮಾತ್ರ ಮರಳಲಿಲ್ಲ, ಬಿಳಿಯಾಗಿಯೇ ಇವೆ. ಬಣ್ಣದ ಜೀನು ಎರಡೂ ಗುಹೆಗಳಲ್ಲಿ ಒಂದೇ ಕೆಟ್ಟಿತ್ತು. ಹೊರಗಿನಿಂದ ನೋಡಿ ಯಾವುದು ಒಂದೇ, ಯಾವುದು ಬೇರೆ ಎಂದು ಹೇಳಲು ಬರುವುದಿಲ್ಲ.

ಮದುವೆ ಜೂನ್ ಎರಡನೇ ವಾರ, ರಿಜಿಸ್ಟ್ರಾರ್ ಕಚೇರಿಯಲ್ಲಿ. ನೀನು ರಕ್ತ ಕೊಟ್ಟರೂ ಆಗುತ್ತದೆ, ಕೊಡದಿದ್ದರೂ ಆಗುತ್ತದೆ. ಮುಂದೆ ಮಕ್ಕಳ ಬಗ್ಗೆ ಯೋಚಿಸುವಾಗ ತಿಳಿದೇ ಯೋಚಿಸೋಣ ಎನ್ನುವುದು ನಮ್ಮಿಬ್ಬರ ಆಸೆ, ಅದಕ್ಕೇ ಕೇಳಿದ್ದು. ನೀನು ಬರದಿದ್ದರೆ ನಾನು ಜನರಿಗೆ ಅಪ್ಪನಿಗೆ ಹುಷಾರಿಲ್ಲ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಲು ಇಷ್ಟವಿಲ್ಲ.

ಪುಟ್ಟಿ


ಏಪ್ರಿಲ್ ೧೩
ಅಪ್ಪನ ವಾಯ್ಸ್ ನೋಟ್

ಪುಟ್ಟಿ, ಕೇಳಿದೆ.

ನಿನ್ನ ಕಾಗದ ಬಂದ ದಿನವೇ ಕೇಳಬೇಕು ಅಂದ್ಕೊಂಡೆ, ಆಗಲಿಲ್ಲ. ದಿನಾ ಸಾವಿರ ಜನಕ್ಕೆ "ಹೇಳಿ, ಯಾರು ಬೇಕಿತ್ತು" ಅಂತ ಕೇಳ್ತೀನಿ, ಹೆಂಡ್ತಿಗೆ ಒಂದು ಪ್ರಶ್ನೆ ಕೇಳೋಕೆ ಬಾಯಿ ಬರಲಿಲ್ಲ. ಕೊನೆಗೆ ಹೋದ ಭಾನುವಾರ, ಈ ಸಲ ಮೊದಲು ಕುರ್ಚಿ ಮುಟ್ಟಿ ನೋಡಿದೆ. ಅವಳ ಭುಜ ಸಿಕ್ತು.

"ಏನು?" ಅಂದಳು. ಎಷ್ಟು ದಿನದ ಮೇಲೆ ಆ ಒಂದು ಮಾತು.

"ನಿನ್ನ ಬದುಕು ಸವೆದುಹೋಯ್ತಾ?" ಅಂತ ಕೇಳಿದೆ.

ಕತ್ತರಿ ಕೆಳಗಿಟ್ಟಿದ್ದು ಕೇಳಿಸ್ತು. "ಸವೆದಿದೆ. ಇಷ್ಟು ವರ್ಷ ಆಗಿದೆ, ಸವೀದೆ ಇರುತ್ತಾ? ಆದರೆ ಅದಕ್ಕೆ ಕಾರಣ ನಿಮ್ಮ ಕಣ್ಣಲ್ಲ, ನಿಮ್ಮ ಬಾಯಿ" ಅಂದಳು.

ನಾನು ನಗೋದೋ ಬೇಡವೋ ಅಂತ ಕಾಯ್ತಿದ್ದೆ. ಅವಳೇ ಮುಂದುವರಿಸಿದಳು. "ಪೇಟೆ ಅಂಗಡಿ ನಾನೇ ಬಿಟ್ಟಿದ್ದು. ಬಾಡಿಗೆ ಜಾಸ್ತಿ ಇತ್ತು, ಆ ಪಾಲುದಾರಳ ಸ್ವಭಾವ ಸರಿ ಇರಲಿಲ್ಲ. ನಿಮಗೂ ಹೇಳಿದ್ದೆ. ನೀವು ಅದನ್ನೂ ನಿಮ್ಮ ಕಣ್ಣಿನ ತಲೆಗೇ ಕಟ್ಟಿದ್ರಿ. ಮನೇಲಿ ಏನೇ ಆದ್ರೂ ಅದು ನಿಮ್ಮ ಕಣ್ಣಿಂದಾನೇ ಆಗಬೇಕು. ನಮಗೆ ನಮ್ಮದು ಅಂತ ಒಂದು ಕಷ್ಟನೂ ಇರಬಾರದಾ?"

ಪುಟ್ಟಿ, ನಾನು ಇದನ್ನ ಈ ಕಡೆಯಿಂದ ಯೋಚನೆನೇ ಮಾಡಿರಲಿಲ್ಲ. "ಮೊಣಕೈ?" ಅಂದೆ. "ಮೊಣಕೈ ಹಿಡ್ಕೊಳ್ಳೋದು ಇರಲಿ" ಅಂದಳು. "ನಾನೂ ರಸ್ತೆ ದಾಟುವಾಗ ಯೋಚನೆ ಮಾಡ್ತಾ ಎಲ್ಲೋ ಹೋಗಿಬಿಡ್ತೀನಿ. ನೀವು ಗಾಡಿ ಸದ್ದು ಕೇಳಿ ಎಳೀತೀರ. ಅದನ್ನ ಯಾರಿಗೂ ಹೇಳಿಲ್ಲ, ಅಷ್ಟೇ."

ಮೆಷಿನ್ ಮನೆಗೆ ವಾಪಸ್ ಬಂದಿದೆ. ಟೀಚರಮ್ಮನ ಗಂಡ ತಂದಿಟ್ಟರು, ಇಡುವಾಗ ನನ್ನ ಕಾಲ್ಬೆರಳ ಮೇಲೆ ಇಟ್ಟರು.

ಮಾರನೇ ದಿನ ಮಧ್ಯಾಹ್ನ ಬಿಡುವಿನಲ್ಲಿ ನಾನೊಬ್ಬನೇ ಲ್ಯಾಬಿಗೆ ಇಳಿದು ಹೋದೆ. ರಕ್ತ ತೆಗೆಯೋ ಹುಡುಗಿ, "ಅಯ್ಯೋ ಆಪರೇಟರ್ ಸಾರ್, ನೀವು ಫೋನಲ್ಲಿ ಇನ್ನೂ ದಪ್ಪ ಇದ್ರಿ" ಅಂದಳು. ಆ ಕೋಣೆಗೆ ವರ್ಷಗಟ್ಟಲೆ ಕರೆ ಕೊಟ್ಟಿದೀನಿ, ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಸ್ಪಿರಿಟ್ ವಾಸನೆ, ಸಣ್ಣ ಕೋಣೆ, ಫ್ಯಾನು ಕಿರ್ ಅನ್ನುತ್ತೆ. ಯಾಕೆ ಪರೀಕ್ಷೆ ಅಂತ ಕೇಳಿದಳು. "ನನ್ನ ಮಗಳ ಮದುವೆ" ಅಂದೆ. ಅವಳಿಗೆ ಏನೂ ಅರ್ಥ ಆಗಲಿಲ್ಲ, "ಒಳ್ಳೇದಾಗಲಿ ಸಾರ್" ಅಂದಳು.

ನಾನು ಇನ್ನೂ ಒಪ್ಪಿಲ್ಲ, ಅದು ನೆನಪಿರಲಿ. ರಕ್ತ ಕೊಟ್ಟಿದೀನಿ, ಅಷ್ಟೇ. ಉತ್ತರ ಬರೋಕೆ ವಾರಗಳು ಹಿಡಿಯುತ್ತಂತೆ. ಎರಡು ಗುಹೆ ಅಂತ ಬರಲಿ ಅಂತ ಕಾಯ್ತಿದೀನಿ. ಹಾಗೆ ಬಂದ್ರೆ ಒಪ್ಪೋದು ಸುಲಭ. ಸುಲಭವಾದ್ದು ಇರಲಿ ಅಂತ ಅನ್ಕೊಳ್ಳೋದು ತಪ್ಪಲ್ಲ ಅಲ್ವಾ.

ನಿನ್ನ ಅಪ್ಪ


ಮೇ ೨೩
ಅಪ್ಪನ ವಾಯ್ಸ್ ನೋಟ್

ಪುಟ್ಟಿ, ಒಂದು ಕಡೆ ಕೂತ್ಕೊಂಡು ಕೇಳು. ಮೊದಲೇ ಹೇಳಿಬಿಡ್ತೀನಿ, ಸುತ್ತಿ ಬಳಸಲ್ಲ.

ಒಂದೇ ಗುಹೆ.

ಜೆನೆಟಿಕ್ಸ್ ಡಾಕ್ಟರಮ್ಮ ನಿನ್ನೆ ಕರೆದಿದ್ದರು. ಅಮ್ಮನೂ ಬಂದಿದ್ದಳು. ನಿನ್ನ ವರದಿ, ಆ ಹುಡುಗನ ವರದಿ, ನೀನು ಕಳಿಸಿದ್ದು ಎರಡೂ ಅವರ ಮುಂದಿತ್ತು. ಆ ಜೀನು ಎಲ್ಲರಿಗೂ ಎರಡು ಪ್ರತಿ ಇರುತ್ತೆ, ನನ್ನ ಎರಡರಲ್ಲೂ ಆ ಬದಲಾವಣೆ ಇದೆಯಂತೆ. ನಿನ್ನಲ್ಲಿ ಒಂದರಲ್ಲಿ ಇರೋದೂ ಅದೇನೇ. ಸುಮ್ಮನೆ ಕೂತಿರೋದಲ್ಲ, ಕೆಟ್ಟದ್ದೇ. ಪ್ರತಿ ಮಗುವಿಗೂ ಅರ್ಧಕ್ಕರ್ಧ. ಒಂದು ಮಗುವಿಗೆ ಬಂತು ಅಂತ ಇನ್ನೊಂದಕ್ಕೆ ಬರಲ್ಲ ಅಂತೇನಿಲ್ಲ, ಪ್ರತಿ ಸಲವೂ ಹೊಸದಾಗಿ ಅಷ್ಟೇ. ಮೊದಲೇ ಪರೀಕ್ಷೆ ಮಾಡಿಸಿ ನೋಡೋ ದಾರಿಗಳೂ ಇವೆ ಅಂದರು. ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು, ನಾನು ಬಾಯಿ ಹಾಕಲ್ಲ. ಬಾಯಿ ಬಗ್ಗೆ ಈಗ ಮನೇಲಿ ಕಟ್ಟುನಿಟ್ಟು.

ಅಮ್ಮ ಡಾಕ್ಟರಮ್ಮನ್ನ ಒಂದೇ ಪ್ರಶ್ನೆ ಕೇಳಿದಳು. "ಕಣ್ಣು ಬಿಟ್ಟು ಬೇರೆ ಏನಾದ್ರೂ ತೊಂದರೆ ಇರುತ್ತಾ?" ಇಲ್ಲ ಅಂದರು. "ಸರಿ" ಅಂದಳು. ಬಸ್ಸಲ್ಲಿ ಕೂತಮೇಲೆ, ನಾನು ಏನಾದರೂ ಅಂತಾಳೆ ಅಂತ ಕಾಯ್ತಿದ್ದೆ, "ಪುಟ್ಟಿಗೆ ಮದುವೆಗೆ ನೀಲಿ ಹೊಲೀಲಾ, ಹಸಿರಾ?" ಅಂದಳು. "ನನ್ನನ್ನ ಬಣ್ಣ ಕೇಳ್ತೀಯಲ್ಲ" ಅಂದೆ. "ನೀಲಿ ನೋಡಿದೀರಲ್ಲ, ನೆನಪಿಲ್ವಾ?" ಅಂದಳು. ನೆನಪಿದೆ. ನೀಲಿ ಅಂದೆ.

ನಾನು ಮಾತ್ರ ಮನೆಗೆ ಬಂದು ಊಟ ಮಾಡಲಿಲ್ಲ. ಅರ್ಧಕ್ಕರ್ಧ ಅನ್ನೋದು ತಲೇಲಿ ಓಡ್ತಾನೇ ಇತ್ತು. ನನ್ನ ಮೊಮ್ಮಗು, ಅದಕ್ಕೂ ಇದೇ. ಬೇಡ ಅಂತ ನಿನಗೆ ಇನ್ನೊಂದು ಸಲ ಹೇಳಬೇಕು ಅಂತ ಫೋನ್ ಕೈಗೆ ತಗೊಂಡೆ. ಬೇಡ ಅನ್ನೋಕೆ ಈಗ ಪೂರ್ತಿ ಕಾರಣ ಸಿಕ್ಕಿತ್ತು. ಆದರೂ ಬಾಯಿಗೆ ಬರಲಿಲ್ಲ. ಬೇಡ ಅಂದ್ರೆ ಯಾರನ್ನ ಬೇಡ ಅಂತಿದೀನಿ ಅಂತ ಯೋಚನೆ ಬಂತು. ನನ್ನಂಥ ಒಂದು ಮಗು. ಹಾಗಂತ ಯಾವ ಬಾಯಲ್ಲಿ ಹೇಳಲಿ.

ಇವತ್ತು ಬೆಳಗ್ಗೆ ಡ್ಯೂಟಿಗೆ ಹೋದವನೇ ನಿನ್ನ ವಕೀಲನಿಗೆ ಫೋನ್ ಮಾಡಿದೆ. ನಂಬರ್ ನೀನು ಕೊಟ್ಟಿದ್ದೆ, ಇಷ್ಟು ದಿನ ಮಾಡಿರಲಿಲ್ಲ. ಅವನು ಎತ್ತಿದ ತಕ್ಷಣ, "ಸರ್, ಗೊತ್ತಾಯ್ತು" ಅಂದ.

"ಏನು ಗೊತ್ತಾಯ್ತು?"

"ನೀವು ಯಾರು ಅಂತ. ನಿಮ್ಮ ವಾಯ್ಸ್ ನೋಟು ಅವಳು ಒಂದೆರಡು ಕೇಳಿಸಿದಾಳೆ."

"ಯಾವುದು?"

"ಅಡುಗೆಯವನದ್ದು." ಸ್ವಲ್ಪ ಬಿಟ್ಟು, "ನಾನು ಆ ಹೋಟೆಲಲ್ಲೇ ಹುಟ್ಟಿ ಬೆಳೆದವನು ಸರ್, ನನಗೆ ಊಟ ಸರಿಹೋಗಿದೆ" ಅಂದ.

ವಕೀಲ ಅಲ್ವಾ, ಬಿಡ್ತಾನಾ. ನಾನು ಪರೀಕ್ಷೆ ವಿಷಯ ಹೇಳಿದೆ. ಮಗಳಿಗಿಂತ ಮುಂಚೆ ಅಳಿಯನಿಗೆ ಹೇಳಿದ್ದು ಸರಿಯೋ ತಪ್ಪೋ, ನಿನಗೆ ಬೇಜಾರಾದ್ರೆ ಬೈದುಬಿಡು. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ, "ಅವಳಿಗೆ ಹೇಳೋದು ನೀವಾ, ನಾನಾ?" ಅಂತ ಕೇಳಿದ. ನಾನೇ ಹೇಳ್ತೀನಿ ಅಂದೆ. ಅದಾದ ಮೇಲೆ ಅವನು ಕೇಳಿದ್ದು ಬೇರೆ. "ಮಾವ, ನಿಮಗೆ ಕಾಣಲ್ಲ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?" ಮಾವ ಅಂದಿದ್ದನ್ನ ನಾನು ಗಮನಿಸಿದೆ, ಗಮನಿಸದ ಹಾಗೆ ಇದ್ದೆ.

ಇದನ್ನ ನಿನ್ನಮ್ಮನಿಗೂ ಸರಿಯಾಗಿ ಹೇಳಿರಲಿಲ್ಲ ಪುಟ್ಟಿ. ಅವನಿಗೆ ಹೇಳಿದೆ. ನಮ್ಮ ಮನೆ ಹಿಂದೆ ಮೆಟ್ಟಿಲಿತ್ತು, ಕೆಳಗೆ ಮೈದಾನ. ಸಂಜೆ ಆಟ ಮುಗಿಸಿ ಎಲ್ಲಾ ಹುಡುಗರು ಕತ್ತಲಾದಮೇಲೆ ಆ ಮೆಟ್ಟಿಲನ್ನ ಹಾರಿ ಹಾರಿ ಹತ್ತುತ್ತಿದ್ದರು. ನಾನು ಕೂತ್ಕೊಂಡು, ಕೈ ಇಟ್ಟು ಇಟ್ಟು, ಒಂದೊಂದೇ ಹತ್ತುತ್ತಿದ್ದೆ. ಪುಕ್ಕಲ ಅಂತಿದ್ದರು. ನಮ್ಮಪ್ಪನೂ ಅಂತಿದ್ದ. ನಾನೂ ಹಾಗೇ ನಂಬಿದ್ದೆ. ಕತ್ತಲಾದ್ರೆ ಯಾರಿಗೂ ಏನೂ ಕಾಣಲ್ಲ, ಅವರಿಗೆ ಧೈರ್ಯ ಇದೆ, ನನಗಿಲ್ಲ ಅಂತ. ಅವರಿಗೆ ಆ ಮೆಟ್ಟಿಲು ಮಸುಕಾಗಿ ಕಾಣುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷಕ್ಕೆ ಡಾಕ್ಟರು ಹೇಳೋವರೆಗೂ ಹಾಗೇ ಅಂದ್ಕೊಂಡಿದ್ದೆ.

ಆ ಕಡೆ ಸದ್ದೇ ಇಲ್ಲ. ಲೈನ್ ಹೋಯ್ತು ಅಂದ್ಕೊಂಡು ಪ್ಲಗ್ ಮುಟ್ಟಿ ನೋಡಿದೆ.

ಆಮೇಲೆ ಅವನು, "ನಾನೂ" ಅಂದ. "ನಮ್ಮಲ್ಲಿ ಮೆಟ್ಟಿಲಲ್ಲ, ಸೈಕಲ್ಲು."

ನನಗೆ ಐವತ್ತು ವರ್ಷ ಪುಟ್ಟಿ. ಈ ಮಾತನ್ನ ಇನ್ನೊಬ್ಬರ ಬಾಯಲ್ಲಿ ಇದುವರೆಗೂ ಕೇಳಿರಲಿಲ್ಲ. ಸ್ವಿಚ್‌ಬೋರ್ಡಲ್ಲಿ ದೀಪ ಮಿಣುಕಿದ್ರೆ ಟಿಕ್ ಟಿಕ್ ಸದ್ದು ಬರುತ್ತೆ. ಇಡೀ ಬೋರ್ಡು ಟಿಕ್ ಟಿಕ್ ಅಂತಿತ್ತು, ಅರ್ಧ ಆಸ್ಪತ್ರೆ ಕಾಯ್ತಿತ್ತು. ನಾವಿಬ್ಬರೂ ಮಾತಾಡ್ತಾನೇ ಇದ್ದೆವು. ಕೊನೆಗೆ ಮೇಲಧಿಕಾರಿ ಬಂದು ಬೈದರು. ಮಗಳ ಮದುವೆ ವಿಷಯ ಅಂದೆ, ಮದುವೆ ಯಾವಾಗ ಅಂತ ಕೇಳಿದರು. ಜೂನ್ ಎರಡನೇ ವಾರ ಅಂದೆ. ಹಾಗೆ ಅಂದಮೇಲೆ ನನಗೇ ಗೊತ್ತಾಯ್ತು, ನಾನು ಒಪ್ಪಿದೀನಿ ಅಂತ. ರಜಾ ಅರ್ಜಿ ಅಲ್ಲೇ ಕೊಟ್ಟೆ. ನಾನೂ ಅಮ್ಮನೂ ಎರಡು ದಿನ ಮುಂಚೆನೇ ಬರ್ತೀವಿ.

ಮಗು ಯಾವಾಗ, ಬೇಕೋ ಬೇಡವೋ, ಪರೀಕ್ಷೆ ಮಾಡಿಸ್ತೀರೋ ಇಲ್ವೋ, ಅದೆಲ್ಲ ನಿಮ್ಮದು. ನಾನೂ ಅವನೂ ಒಂದು ಮಾತ್ರ ತೀರ್ಮಾನ ಮಾಡಿಕೊಂಡಿದೀವಿ. ಹುಟ್ಟಿದ ಮಗು ನಮ್ಮ ಕಡೆಯದ್ದೇ ಆಗಿದ್ರೆ, ಅದಕ್ಕೆ ಮಾತು ಅರ್ಥ ಆಗೋ ವಯಸ್ಸಿಗೇ ಹೇಳಿಬಿಡ್ತೀವಿ. ಸಂಜೆ ಎಲ್ಲರಿಗೂ ಒಂದಿಷ್ಟು ಕಾಣುತ್ತೆ ಕಂದ, ನಿನಗೆ ಕಾಣಲ್ಲ, ಅಷ್ಟೇ, ನೀನು ಪುಕ್ಕಲ ಅಲ್ಲ ಅಂತ. ನಮಗೆ ಹೇಳೋಕೆ ಮನೇಲಿ ಯಾರೂ ಇರಲಿಲ್ಲ. ಅದಕ್ಕೆ ಇಬ್ಬರು ಇರ್ತೀವಿ.

ನಿನ್ನ ಅಪ್ಪ